ಎಂಜಿನ್ ಬಿಚ್ಚಿಸಿದರೆ ಹಳೆಯ ಕ್ರ್ಯಾಂಕನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ

ಅಪ್ಪನ ಹಳೆಯ ಟು ಸ್ಟ್ರೋಕ್ ಬೈಕ್ ಯೆಜ್ದಿ ರೋಡ್‌ಕಿಂಗನ್ನು ಎಂಜಿನ್ ಕೆಲಸಕ್ಕೆ ಕೊಟ್ಟಾಗ ಅದರೊಳಗೆ ಮೈಸೂರಿನ ಕಾರ್ಖಾನೆಯಲ್ಲೇ ಜೋಡಿಸಿದ್ದ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟವಾಗಿಸುವ ದಂಡ, ಇತ್ತು. ಗಾಡಿ ಮನೆಗೆ ಬಂದಾಗ ಅದು ಇರಲಿಲ್ಲ. ಎಂದೋ ಎಸೆಯಬೇಕಾಗಿದ್ದ ಹಳೆಯ ಆಯಿಲ್ ಸೀಲುಗಳು (ಆ ದಂಡದ ಸುತ್ತ ಎಣ್ಣೆ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳು) ಮಾತ್ರ ಒಳಗೇ ಉಳಿದಿದ್ದವು. ಹೀಗೆ ತಲೆಕೆಳಗಾದ ಕೆಲಸಕ್ಕೆ ನಾನು ಹದಿನೆಂಟು ಸಾವಿರ ರೂಪಾಯಿ ಎಣಿಸಿ ಕೊಟ್ಟೆ. ಇನ್ನೊಬ್ಬರಿಗೆ ಹೀಗಾಗಬಾರದೆಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಗಾಡಿಗಿದ್ದ ತೊಂದರೆ ದೊಡ್ಡದೇನಲ್ಲ. ಬೆಳಿಗ್ಗೆ ಕಿಕ್ ಹೊಡೆದರೆ ದಟ್ಟ ಹೊಗೆ ಬರುತ್ತಿತ್ತು, ಗೇರ್‌ಬಾಕ್ಸಿನ ಎಣ್ಣೆ ಎಲ್ಲೂ ಸೋರದೆಯೇ ಕಡಿಮೆಯಾಗುತ್ತಿತ್ತು. ಇವೆರಡೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕ್ಲಚ್ ಬದಿಯ ಕ್ರ್ಯಾಂಕ್ ಸೀಲನ್ನು ಎಂಬುದು ಈಗ ಗೊತ್ತು, ಅಂದು ಗೊತ್ತಿರಲಿಲ್ಲ. ಗ್ಯಾರೇಜಿನವರು ಕಿವಿಗೊಟ್ಟು ಕೇಳಿ, "ಎಂಜಿನ್ ಪೂರ್ತಿ ಹೋಗಿದೆ ಸಾರ್, ಕ್ರ್ಯಾಂಕ್ ಸಮೇತ ಹೊಸದು ಹಾಕಿಬಿಡೋಣ" ಎಂದರು. ನಾನು ಒಪ್ಪಿದೆ. ಯಾರೂ ಒಂದು ಅಳತೆಯನ್ನೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಬೇರಿಂಗುಗಳು "ಚೆನ್ನಾಗಿಯೇ ತಿರುಗುತ್ತಿವೆ", ಸೀಲುಗಳು "ಇನ್ನೂ ಮೆತ್ತಗಿವೆ" ಎಂದು ಅವನ್ನೇ ಮತ್ತೆ ಕೂರಿಸಿದರು. ಉಳಿದದ್ದು ಕೆಲವು ನೂರು ರೂಪಾಯಿ. ಪಿಸ್ಟನ್ ಓಡಾಡುವ ಬ್ಯಾರೆಲ್ಲನ್ನು ರೀಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಿ, 1 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದರು, ಅಂಗಡಿಯಲ್ಲಿ ಆ ಅಳತೆಯ ಪಿಸ್ಟನ್ ಸಿಕ್ಕಿತೆಂಬ ಒಂದೇ ಕಾರಣಕ್ಕೆ.

ನೂರರವತ್ತು ಕಿಲೋಮೀಟರ್ ಓಡಿತು. ಅಷ್ಟರಲ್ಲೇ ಒಂದು ಸೂಚನೆ ಸಿಕ್ಕಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ ವೇಗ ಇಳಿಯುತ್ತಿರಲಿಲ್ಲ, ತಾನಾಗಿಯೇ ಏರುತ್ತಿತ್ತು. ಹೊಸ ಎಂಜಿನ್ನಿನ ಹುರುಪು ಎಂದುಕೊಂಡೆ. ಚನ್ನರಾಯಪಟ್ಟಣ ದಾಟಿ ಹಾಸನದ ಕಡೆಗೆ ಹೋಗುತ್ತಿದ್ದಾಗ ಎಂಜಿನ್ ಒಮ್ಮೆಲೇ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಡಾಂಬರಿನ ಮೇಲೆ ಉಜ್ಜುತ್ತಾ ಹೋಯಿತು. ಬೆನ್ನ ಹಿಂದೆ ಲಾರಿ ಇತ್ತು. ಕ್ಲಚ್ ಹಿಡಿದದ್ದರಿಂದ ಚಕ್ರ ಬಿಟ್ಟುಕೊಂಡಿತು, ನಾನು ಉಳಿದೆ. ಟು ಸ್ಟ್ರೋಕ್ ಗಾಡಿ ಓಡಿಸುವವರು, ಅದರಲ್ಲೂ ಹೊಸದಾಗಿ ಎಂಜಿನ್ ಕೆಲಸ ಮಾಡಿಸಿದವರು, ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟುಕೊಳ್ಳಿ.

ಎರಡನೆಯ ಬಾರಿ ಬಿಚ್ಚಿದವರು ಮೈಸೂರಿನಲ್ಲಿ ಈ ಗಾಡಿಗಳ ನಡುವೆಯೇ ವಯಸ್ಸು ಕಳೆದ ಹಿರಿಯ ಮೇಸ್ತ್ರಿ. ಅವರು ಮೊದಲು ಕ್ಲಚ್ಚಿಗೆ ಎದುರಿನ, ಡೈನಮೋ ಬದಿಯ ಸೀಲನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅದರ ತುಟಿ ಒಣಗಿದ ಕೊಬ್ಬರಿ ಚಿಪ್ಪಿನಷ್ಟು ಗಟ್ಟಿಯಾಗಿತ್ತು. ಬುಲೆಟ್‌ನಂತಹ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸೀಲ್ ಹೋದರೆ ನೆಲದ ಮೇಲೆ ನಾಲ್ಕು ಹನಿ ಎಣ್ಣೆ ಬೀಳುತ್ತದೆ, ಅಷ್ಟೇ. ಟು ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೂರುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪೆಟ್ರೋಲ್, ಗಾಳಿ, ಎಣ್ಣೆಯ ಮಿಶ್ರಣ ಮೊದಲು ಅಲ್ಲಿಗೆ ಬಂದು, ಅಲ್ಲಿಂದ ಪಿಸ್ಟನ್ನಿನ ಮೇಲಕ್ಕೆ ಹೋಗುತ್ತದೆ. ಡೈನಮೋ ಬದಿಯ ಸೀಲ್ ಗಾಳಿ ಎಳೆದುಕೊಂಡರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪೆಟ್ರೋಲಿನೊಂದಿಗೇ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ ತಾನಾಗಿ ವೇಗ ಏರಿಸಿಕೊಂಡದ್ದು ಅದಕ್ಕೇ. ಸ್ಪಾರ್ಕ್ ಪ್ಲಗ್ಗಿನ ತುದಿ ಕಾಫಿ ಪುಡಿಯ ಬಣ್ಣದಲ್ಲಿರಬೇಕಾಗಿತ್ತು. ನನ್ನದು ಸುಣ್ಣದಂತೆ ಬೆಳ್ಳಗಿತ್ತು.

ಬೇರಿಂಗುಗಳದ್ದೂ ಅದೇ ಪಾಡು. ಸುತ್ತಿಗೆಯಿಂದ ಹೊಡೆದು ಹೊರತೆಗೆದ ಬೇರಿಂಗಿನ ಗುಂಡುಗಳು ತಮ್ಮ ಹಾದಿಯಲ್ಲಿ ಕುಳಿ ಮಾಡಿರುತ್ತವೆ. ಬೆರಳಿನಲ್ಲಿ ತಿರುಗಿಸಿದಾಗ ಅದು ತಿಳಿಯುವುದಿಲ್ಲ, ಓಡುವಾಗ ಕೂಗುತ್ತದೆ. ಆದ್ದರಿಂದ ಹೊರಬಂದ ಬೇರಿಂಗ್ ಮತ್ತೆ ಒಳಗೆ ಹೋಗಬಾರದು. ಸೀಲು, ಗ್ಯಾಸ್ಕೆಟ್, ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಲಾಕುಗಳ ವಿಷಯದಲ್ಲೂ ಚೌಕಾಶಿ ಬೇಡ. ಒಮ್ಮೆ ತೆಗೆದ ಲಾಕ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಅದು ಕಳಚಿದರೆ ಬ್ಯಾರೆಲ್ಲಿಗೆ ಉದ್ದಕ್ಕೂ ಗೀರು ಬೀಳುತ್ತದೆ.

ಆದರೆ ನನಗೆ ಇಂದಿಗೂ ಸಂಕಟವಾಗುವುದು ಕ್ರ್ಯಾಂಕಿನ ವಿಷಯದಲ್ಲಿ. ಯೆಜ್ದಿಯ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳ ನಡುವೆ ಪಿನ್ ಒತ್ತಿ, ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಕೂರಿಸಿರುತ್ತಾರೆ. ಸವೆಯುವುದು ಹೆಚ್ಚಾಗಿ ರಾಡು, ಪಿನ್ನು ಮತ್ತು ಅವುಗಳ ನಡುವಿನ ಬೇರಿಂಗು. ರಾಡನ್ನು ಹಿಡಿದು ನೇರವಾಗಿ ಮೇಲೆ ಕೆಳಗೆ ಎಳೆದಾಗ ಕಿಂಚಿತ್ತೂ ಅಲುಗಾಟ ಇರಬಾರದು. ಪಕ್ಕಕ್ಕೆ ಸ್ವಲ್ಪ ಸರಿದರೆ ಅದು ದೋಷವಲ್ಲ. ಅಲುಗಾಡಿದರೂ ಚಕ್ರಗಳನ್ನು ಉಳಿಸಿಕೊಂಡು ಪ್ರೆಸ್ಸಿನಲ್ಲಿ ಬಿಚ್ಚಿಸಿ, ಹೊಸ ರಾಡ್, ಪಿನ್, ಬೇರಿಂಗಿನ ಕಿಟ್ ಹಾಕಿಸಿ, ಎರಡು ಮೊನೆಗಳ ನಡುವೆ ಹಿಡಿದು ತಿರುಗಿಸುತ್ತಾ, ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೇರ ಮಾಡಿಸಿದರೆ ಮುಗಿಯಿತು. ಮೈಸೂರಿನ ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. 2022ರಲ್ಲಿ ಅದೇ ಹೆಸರಿನಿಂದ ಬಂದ ಗಾಡಿಗಳು ಫೋರ್ ಸ್ಟ್ರೋಕ್, ಅವುಗಳ ಭಾಗ ಇದಕ್ಕೆ ಹೊಂದುವುದಿಲ್ಲ. ಅಂದರೆ ಮೂಲ ಕ್ರ್ಯಾಂಕುಗಳು ಇರುವಷ್ಟೇ, ಇನ್ನು ಹುಟ್ಟುವುದಿಲ್ಲ. ನನಗೆ ಹಾಕಿಕೊಟ್ಟ ಹೊಸ ಕ್ರ್ಯಾಂಕನ್ನು ಮೇಸ್ತ್ರಿ ತಿರುಗಿಸಿ ತೋರಿಸಿದಾಗ ಗೇಜಿನ ಮುಳ್ಳಿಗೆ ಒಂದು ಕ್ಷಣವೂ ನೆಲೆಯಿರಲಿಲ್ಲ, ಅಂದರೆ ಅದು ನೇರವಾಗಿರಲೇ ಇಲ್ಲ.

ಬ್ಯಾರೆಲ್ಲೂ ಹಾಗೆಯೇ, ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆಸಿ, ಸವೆತ ಹೋಗುವಷ್ಟೇ ಕೊರೆಸಬೇಕು. 0.25 ಮಿಲಿಮೀಟರ್ ಸಾಕಾದರೆ ಅಲ್ಲಿಗೇ ನಿಲ್ಲಿಸಬೇಕು. ನನ್ನದರಲ್ಲಿ ಮುಂದಿನ ಅಳತೆಗೆ ಜಾಗವೇ ಉಳಿದಿರಲಿಲ್ಲ. ಒಳಗೆ ಸ್ಲೀವ್ ಎಂಬ ಹೊಸ ಕೊಳವೆ ಹಾಕಿಸಿ, ಮಿಶ್ರಣ ಮತ್ತು ಹೊಗೆ ಹಾಯುವ ಪೋರ್ಟುಗಳನ್ನು ಕೊರೆಸಿ, ಮತ್ತೆ ಮೂಲದ 65 ಮಿಲಿಮೀಟರಿಗೆ ತರಬೇಕಾಯಿತು.

ಕ್ರ್ಯಾಂಕ್‌ಕೇಸನ್ನಂತೂ ಯಾರು ಹೇಳಿದರೂ ಬದಲಿಸಬೇಡಿ. ಎರಡು ಹೋಳುಗಳೂ ಒಂದಕ್ಕೊಂದು ಜೋಡಿ. ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆ ಕೆತ್ತಿರುವುದೂ ಅದರ ಮೇಲೆಯೇ. ಗೇರುಗಳ ಹಲ್ಲಿನ ಮೂಲೆ ಸವೆದು ದುಂಡಗಾಗಿರದಿದ್ದರೆ ಅವೂ ಹಾಗೆಯೇ ಇರಲಿ.

ಈ ಬಾರಿ ಎಂಜಿನ್ ಜೋಡಿಸಿದ ಮೇಲೆ ಮೇಸ್ತ್ರಿ ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಕೂರುವ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ಹಾಕಿ, ಸೀಲು ಮತ್ತು ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿದರು. ಒಂದು ಗುಳ್ಳೆಯೂ ಏಳಲಿಲ್ಲ. ಹತ್ತು ನಿಮಿಷದ ಕೆಲಸ. ಮೊದಲ ಗ್ಯಾರೇಜಿನಲ್ಲಿ ಇದನ್ನು ಮಾಡಿದ್ದರೆ ಆ ದಿನ ರಸ್ತೆಯಲ್ಲಿ ಹಾಗಾಗುತ್ತಿರಲಿಲ್ಲ.

ಹಳೆಯ ಕ್ರ್ಯಾಂಕ್ ಕೇಳಿಕೊಂಡು ಮೊದಲ ಗ್ಯಾರೇಜಿಗೆ ಮರಳಿ ಹೋದೆ. ಗುಜರಿಯವನಿಗೆ ತೂಕಕ್ಕೆ ಹಾಕಿದೆವು ಎಂದರು. ನಿಮ್ಮ ಗಾಡಿ ಈಗ ಎಲ್ಲಾದರೂ ಬಿಚ್ಚಿದ ಸ್ಥಿತಿಯಲ್ಲಿದ್ದರೆ ಇಂದು ಸಂಜೆಯೇ ಒಂದು ಚೀಲ ಹಿಡಿದು ಹೋಗಿ, ತೆಗೆದಿಟ್ಟ ಒಂದೊಂದು ಭಾಗವನ್ನೂ ಮನೆಗೆ ತನ್ನಿ. ನಾನು ಹೋದದ್ದು ಐದು ವಾರ ಕಳೆದ ಮೇಲೆ.