ಇಪಾಸ್ 2003 ಟೋಕನ್: ಚಿಪ್ ಗಟ್ಟಿ, ಪಿನ್ ಚೀಟಿಯ ಮೇಲೆ

ಟೆಂಡರ್ ಹಾಕುವ ಗುತ್ತಿಗೆದಾರರಿಂದ ಹಿಡಿದು ಕಂಪನಿ ಡೈರೆಕ್ಟರ್‌ಗಳವರೆಗೆ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಬೇಕಾದವರೆಲ್ಲ ‘ಡಾಂಗಲ್’ ಎನ್ನುವ ವಸ್ತು ಇದು. ಫೀಟಿಯನ್ ಕಂಪನಿಯ ಇಪಾಸ್ 2003 ನೋಡಲು ಪೆನ್‌ಡ್ರೈವ್‌ನಂತಿದ್ದರೂ ಒಳಗಿರುವುದು ಸ್ಮಾರ್ಟ್‌ಕಾರ್ಡ್ ಚಿಪ್. ಸಹಿ ಹಾಕುವ ಗುಟ್ಟಿನ ಸಂಖ್ಯೆ, ಅಂದರೆ 2048 ಬಿಟ್‌ನ ಆರ್‌ಎಸ್‌ಎ ಖಾಸಗಿ ಕೀ, ಚಿಪ್‌ನೊಳಗೇ ಹುಟ್ಟುತ್ತದೆ, ಅಲ್ಲೇ ಉಳಿಯುತ್ತದೆ. ದಾಖಲೆಯ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಒಳಗೆ ಹೋಗುತ್ತದೆ, ಸಹಿ ಹೊರಗೆ ಬರುತ್ತದೆ, ಅಷ್ಟೆ. ಈ ಕೆಲಸದಲ್ಲಿ ಟೋಕನ್ ಬಗ್ಗೆ ದೂರಲು ಏನೂ ಇಲ್ಲ.

‘ಎಕ್ಸ್‌ಪೋರ್ಟ್’ ಒತ್ತಿ ಫೈಲ್ ಉಳಿಸಿಕೊಂಡು ಬ್ಯಾಕಪ್ ಆಯಿತೆಂದು ನಿಶ್ಚಿಂತರಾಗುವವರಿದ್ದಾರೆ. ಹಾಗೆ ಸಿಗುವುದು ಬರೀ ಸರ್ಟಿಫಿಕೇಟ್, ಅದರಿಂದ ಸಹಿ ಹಾಕಲಾಗದು. ಕೀ ನಕಲಾಗುವುದಿಲ್ಲ, ಟೋಕನ್ ಕೊಳ್ಳುವುದೇ ಅದಕ್ಕಾಗಿ.

ಕಾರ್ಖಾನೆಯಿಂದ ಬರುವ ಪಿನ್ 12345678. ಇದನ್ನು ಬದಲಿಸದೆ ಬಿಡುವವರಿದ್ದಾರೆ. ಟೋಕನ್ ಮ್ಯಾನೇಜರ್ ತೆರೆದು ‘ಚೇಂಜ್ ಯೂಸರ್ ಪಿನ್’ ಒತ್ತಿದರೆ ಒಂದು ನಿಮಿಷದ ಕೆಲಸ. ಸತತವಾಗಿ ತಪ್ಪು ಪಿನ್ ಹಾಕಿದರೆ ಟೋಕನ್ ಲಾಕ್ ಆಗುತ್ತದೆ. ಬಿಡಿಸಲು ಅಡ್ಮಿನ್ ಪಿನ್ ಬೇಕು, ಅದು ಸಾಮಾನ್ಯವಾಗಿ ಕೊಂಡವರ ಕೈಯಲ್ಲಿರುವುದಿಲ್ಲ. ಆಗ ಯಾರೋ ‘ಇನಿಶಿಯಲೈಸ್ ಮಾಡಿ, ಸರಿಹೋಗುತ್ತೆ’ ಎನ್ನುತ್ತಾರೆ. ಟೋಕನ್ ಸರಿಹೋಗುತ್ತದೆ ನಿಜ, ಕೀ ಮತ್ತು ಸರ್ಟಿಫಿಕೇಟ್ ಎರಡೂ ಅಳಿಸಿಹೋಗುತ್ತವೆ. ಮತ್ತೆ ದುಡ್ಡು ಕೊಟ್ಟು ಹೊಸ ಡಿಎಸ್‌ಸಿ ಮಾಡಿಸಬೇಕು.

‘ಆಟೋ’ ಮಾದರಿಯಲ್ಲಿ ಡ್ರೈವರ್ ಟೋಕನ್‌ನಲ್ಲೇ ಇರುತ್ತದೆ. ಚುಚ್ಚಿದರೆ ಸಿಡಿ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ, ಅಲ್ಲಿಂದಲೇ ಇನ್‌ಸ್ಟಾಲ್ ಮಾಡಬಹುದು. ತೊಂದರೆ ಬರುವುದು ಒಂದೇ ಕಂಪ್ಯೂಟರಿನಲ್ಲಿ ಮೂರು ಕಂಪನಿಗಳ ಟೋಕನ್ ಡ್ರೈವರ್ ತುಂಬಿದಾಗ: ಸರ್ಟಿಫಿಕೇಟ್ ಪಟ್ಟಿ ಖಾಲಿ ಕಾಣುತ್ತದೆ. ಬೇಡದ ಡ್ರೈವರ್‌ಗಳನ್ನು ತೆಗೆದು, ರೀಸ್ಟಾರ್ಟ್ ಮಾಡಿ, ಬೇಕಾದದ್ದನ್ನಷ್ಟೇ ಹಾಕಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಟೋಕನ್‌ನಿಂದ ಸಹಿ ಹಾಕಿಸುವ ಎಮ್‌ಸೈನರ್ ತಂತ್ರಾಂಶದ ಸಂಪರ್ಕ ಸಿಗದಿದ್ದರೆ ಟೋಕನ್ನನ್ನು ಬೈಯುವ ಮುನ್ನ ಆ ತಂತ್ರಾಂಶ ಓಡುತ್ತಿದೆಯೇ, ಬ್ರೌಸರ್ ಅದರ ಲೋಕಲ್ ಸಂಪರ್ಕವನ್ನು ತಡೆಯುತ್ತಿದೆಯೇ ನೋಡಿ.

ನಿಜವಾದ ಕೊರತೆಯೆಂದರೆ ಇದರಲ್ಲಿ ಒತ್ತುವ ಗುಂಡಿಯಿಲ್ಲ. ಇಂಥದ್ದೇ ಇನ್ನೊಂದು ಸಾಧನವಾದ ಯುಬಿಕೀಯಲ್ಲಿ ಪ್ರತಿ ಸಹಿಗೂ ಬೆರಳು ತಾಗಿಸಬೇಕೆಂದು ಹೊಂದಿಸಬಹುದು. ಇಲ್ಲಿ ಪಿನ್ ಒಮ್ಮೆ ಹಾಕಿದ ಮೇಲೆ ಅನೇಕ ತಂತ್ರಾಂಶಗಳು ಮತ್ತೆ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ಮಾಲ್‌ವೇರ್ ಇದ್ದರೆ ಟೋಕನ್ ಚುಚ್ಚಿರುವಷ್ಟು ಹೊತ್ತು ಅದೂ ಸಹಿ ಹಾಕಿಸಿಕೊಳ್ಳಬಹುದು. ಕೀ ಕಳವಾಗದಿದ್ದರೂ ಸಹಿ ಕಳವಾಗುತ್ತದೆ. ಕೆಲಸ ಮುಗಿದ ಕೂಡಲೇ ಕಿತ್ತಿಡಿ.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ರೂಢಿ ಏನು? ಟೋಕನ್ ಆಡಿಟರ್ ಕಚೇರಿಯ ಡ್ರಾಯರ್‌ನಲ್ಲಿ, ಪಿನ್ ಅದರ ಬೆನ್ನಿಗಂಟಿಸಿದ ಚೀಟಿಯಲ್ಲಿ. ಐಟಿ ಕಾಯ್ದೆ 2000ರ ಸೆಕ್ಷನ್ 42 ಖಾಸಗಿ ಕೀಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆಯೋ ಅವರ ಮೇಲೇ ಹೊರಿಸಿದೆ. ಕೀ ಬೇರೆಯವರ ಪಾಲಾಯಿತು ಎಂದರೆ ತಡಮಾಡದೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ಆಡಿಟರ್ ಬಳಿ ಬಿಡಲೇಬೇಕಾದರೆ ಟೋಕನ್ ಮಾತ್ರ ಬಿಡಿ, ಪಿನ್ ನೀವೇ ಬಂದು ಹಾಕಿ.

ಟೆಂಡರ್‌ನವರಿಗೆ ಇನ್ನೊಂದು ಮಾತು. ಅವರ ಟೋಕನ್‌ನಲ್ಲಿ ಸಹಿಯ ಸರ್ಟಿಫಿಕೇಟ್ ಜೊತೆ ಕಡತಕ್ಕೆ ಬೀಗ ಹಾಕುವ ಎನ್‌ಕ್ರಿಪ್ಷನ್ ಸರ್ಟಿಫಿಕೇಟ್ ಕೂಡ ಇರಬಹುದು. ಸಹಿಯ ಕೀ ಕಳೆದರೆ ಹಳೆಯದನ್ನು ರದ್ದು ಮಾಡಿಸಿ ಹೊಸದು ಪಡೆದರಾಯಿತು. ಎನ್‌ಕ್ರಿಪ್ಷನ್ ಕೀ ಹೋದರೆ ಆ ಸರ್ಟಿಫಿಕೇಟ್‌ನಿಂದ ಬೀಗ ಹಾಕಿದ್ದ ಕಡತ ಆ ಟೋಕನ್‌ನಿಂದ ಇನ್ನು ತೆರೆಯದು. ನವೀಕರಣ ಎಂದರೆ ಹೊಸ ಕೀ ಜೋಡಿ ಎಂದೇ ಲೆಕ್ಕ. ಆದ್ದರಿಂದ ಆದಾಯ ತೆರಿಗೆ, ಜಿಎಸ್‌ಟಿ, ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ಗಳಲ್ಲಿ ಹೊಸದನ್ನು ನೋಂದಾಯಿಸಿ, ಬಾಕಿ ಇರುವ ಬಿಡ್‌ಗಳೆಲ್ಲ ತೆರೆಯುವ ತನಕ ಹಳೆಯ ಎನ್‌ಕ್ರಿಪ್ಷನ್ ಸರ್ಟಿಫಿಕೇಟ್ ಅಳಿಸಬೇಡಿ.