ಫಾಗ್ ಲೈಟ್ ಹಾಕಿಸುವವರಿಗೆ ಒಂದು ಎಚ್ಚರಿಕೆ: ಚಾರ್ಮಾಡಿ ಇಳಿಜಾರಿನಲ್ಲಿ ಬೈಕಿನ ಕರೆಂಟು ಪೂರ್ತಿ ಹೋದದ್ದು

ಓಡುತ್ತಿರುವ ಬೈಕಿನ ಹೆಡ್‌ಲೈಟು, ಮೀಟರು, ಹಾರ್ನು, ಎಂಜಿನ್ನು ಎಲ್ಲವೂ ಒಂದೇ ಕ್ಷಣದಲ್ಲಿ ಆರಿಹೋಗಿ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಮರಳಿ ಬಂದರೆ, ಬ್ಯಾಟರಿ ಹೋಗಿದೆ ಎನ್ನುವ ಮೆಕ್ಯಾನಿಕ್ಕಿನ ಮಾತಿಗೆ ತಕ್ಷಣ ಹಣ ಬಿಚ್ಚಬೇಡಿ. ನನ್ನ ಬೈಕಿಗೆ ಹೊಸ ಬ್ಯಾಟರಿ ಬಂತು, ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರೂ ಹೊಸದು ಬಂತು. ದೋಷ ಮಾತ್ರ ಪೆಟ್ರೋಲ್ ಟ್ಯಾಂಕಿನ ಕೆಳಗೆ, ಟೇಪು ಸುತ್ತಿದ ಒಂದು ಜಾಯಿಂಟಿನಲ್ಲಿ ಹಾಗೆಯೇ ಕುಳಿತಿತ್ತು.

ಮಳೆಗಾಲದ ಸಂಜೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ, ಎಡಕ್ಕೆ ತಿರುಗುವ ಹೇರ್‌ಪಿನ್ ತಿರುವೊಂದರಲ್ಲಿ ಬೈಕು ಸತ್ತಂತಾಯಿತು. ಹಳೆಯ ಕಾರ್ಬ್ಯುರೇಟರ್ ಬೈಕುಗಳಲ್ಲಿ ಎಷ್ಟೋ ಬಾರಿ ದೀಪ ಹೋದರೂ ಎಂಜಿನ್ ಓಡುತ್ತಿತ್ತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಇಂಧನ ಪಂಪು, ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯು ಎರಡಕ್ಕೂ ಕರೆಂಟು ಬೇಕಾದ್ದರಿಂದ ಅದು ಹೋದೊಡನೆ ಎಂಜಿನ್ನೂ ನಿಲ್ಲುತ್ತದೆ, ಬ್ರೇಕು ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವುದಿಲ್ಲ. ಬ್ರೇಕು ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಇದಕ್ಕಿಂತ ಭಯ ಹುಟ್ಟಿಸಿದ್ದು ಆರಿಹೋದ ಹಿಂಬದಿಯ ದೀಪ: ಆ ಮಂಜಿನಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ನಾನು ಕಾಣುವ ಸಂಭವವೇ ಇರಲಿಲ್ಲ. ಬೈಕನ್ನು ತಡೆಗೋಡೆಯ ಪಕ್ಕಕ್ಕೆ ತಳ್ಳುತ್ತ ಹ್ಯಾಂಡಲ್ ನೇರ ಮಾಡಿದಾಗ ಮೀಟರ್ ತಾನಾಗಿಯೇ ಬೆಳಗಿತು.

ಈ ಸುಳಿವನ್ನು ಹೇಳಿದರೂ ಮೊದಲ ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು; ಎರಡನೆಯವರು ರೆಗ್ಯುಲೇಟರ್ ಬದಲಿಸಿ, ನೀಲಿ ಬಣ್ಣದ 15 ಆಂಪಿಯರ್ ಫ್ಯೂಸಿನ ಜಾಗಕ್ಕೆ ಹಸಿರು ಬಣ್ಣದ 30 ಆಂಪಿಯರ್ ಹಾಕಿಬಿಡೋಣ ಎಂದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮುಂದೆ ಎಲ್ಲಾದರೂ ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ಬ್ಯಾಟರಿ ಸೋಲುವ ಬಗೆಯೇ ಬೇರೆ: ಸೆಲ್ಫ್ ಒತ್ತಿದರೆ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಇಲ್ಲವೇ ಕಟಕಟ ಸದ್ದು ಮಾತ್ರ ಬರುತ್ತದೆ, ಮೀಟರ್ ಮಂಕಾಗುತ್ತದೆ. ಮುಖ್ಯ ಫ್ಯೂಸ್ ಸುಟ್ಟಿದ್ದರೆ ಕರೆಂಟು ಹೋದದ್ದು ಹೋದಂತೆಯೇ. ಹೋಗಿ ಬರುವ ಕರೆಂಟು ಎಂದರೆ ಬಹುಮಟ್ಟಿಗೆ ಸಡಿಲ ಸಂಪರ್ಕ: ಬ್ಯಾಟರಿ ಟರ್ಮಿನಲ್ಲಿನ ಬೋಲ್ಟು, ಫ್ಯೂಸ್ ಹೋಲ್ಡರು, ಕೀ ಸ್ವಿಚ್ಚಿನ ಕಪ್ಲರು (ವೈರುಗಳನ್ನು ಜೋಡಿಸುವ ಪ್ಲಗ್ಗು), ಇಲ್ಲವೇ ಹ್ಯಾಂಡಲ್ ತಿರುಗಿದಾಗಲೆಲ್ಲ ಬಾಗುವ ಕುತ್ತಿಗೆಯ ಬಳಿಯ ವೈರಿಂಗ್ ಕಟ್ಟು.

ದೋಷ ಹುಡುಕಿಕೊಟ್ಟವರು ಲಾರಿಗಳ ವೈರಿಂಗ್ ಮಾಡುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು. ಅವರ ಕೈಯಲ್ಲಿದ್ದದ್ದು ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್ ಮಾತ್ರ. ಹಿಂದಿನ ಎರಡೂ ಗ್ಯಾರೇಜುಗಳಲ್ಲಿ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಇಟ್ಟಾಗ ಹನ್ನೆರಡು ವೋಲ್ಟಿನ ಮೇಲೆಯೇ ತೋರಿಸಿತ್ತು, ಹಾಗಾಗಿ ವೈರು ಸರಿಯಿದೆಯೆಂದು ತೀರ್ಮಾನವಾಗಿತ್ತು. ಮೋಸ ಇರುವುದು ಇಲ್ಲಿಯೇ. ಡಿಜಿಟಲ್ ಮೀಟರ್ ತಾನು ಹೆಚ್ಚುಕಡಿಮೆ ಏನೂ ಕರೆಂಟು ಎಳೆಯುವುದಿಲ್ಲ. ಕಿಲುಬು ಹಿಡಿದ ಒಂದೆರಡು ಎಳೆಗಳ ತುದಿ ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಕೇಳುತ್ತದೆ, ಆ ಹೊರೆಯನ್ನು ಕಿಲುಬು ಹಿಡಿದ ಜಾಯಿಂಟು ಹೊರಲಾರದು. ಅವರು ಅದೇ ಕಪ್ಲರಿಗೆ ಬಲ್ಬು ಹಿಡಿದು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಾಗ ಬಲ್ಬು ಕೆಂಪಗಾಗಿ ಆರಿತು. ಟ್ಯಾಂಕ್ ಎತ್ತಿ ಟೇಪು ಬಿಚ್ಚಿದರೆ, ಒಳಗಿನ ಅಂಟು ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ತಾಮ್ರದ ಎಳೆಗಳು ಅರ್ಧ ಕರಕಲು, ಅರ್ಧ ಹಸಿರು.

ಅದು ಬೆಂಗಳೂರಿನ ಆಕ್ಸೆಸರಿ ಅಂಗಡಿಯೊಂದರಲ್ಲಿ ಫಾಗ್ ಲೈಟ್ ಹಾಕಿದಾಗ ಮಾಡಿದ ಜಾಯಿಂಟು. ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚಾದ ರಿಲೇ ಹಾಕಿ ಎಂದು ನಾನು ಕೇಳಿದ್ದೆ, ಬಿಲ್ಲಿನಲ್ಲಿ ರಿಲೇಯ ಹಣವೂ ಇತ್ತು; ಬೈಕಿನಲ್ಲಿ ಇರಲಿಲ್ಲ. ಕೀ ಸ್ವಿಚ್ಚಿನಿಂದ ಇಡೀ ಬೈಕಿಗೆ ಕರೆಂಟು ಒಯ್ಯುವ ವೈರನ್ನೇ ಬ್ಲೇಡಿನಿಂದ ಸುಲಿದು, ದೀಪದ ವೈರನ್ನು ಅದಕ್ಕೆ ಸುತ್ತಿದ್ದರು. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬುಗಳು ಒಂಬತ್ತು ಆಂಪಿಯರಿನಷ್ಟು ಎಳೆಯುತ್ತವೆ. ಜಾಯಿಂಟಿನಲ್ಲಿ 0.2 ಓಮ್ ತಡೆ ಇದ್ದರೂ ಸಾಕು, 16 ವ್ಯಾಟ್ ಶಾಖ ಅಲ್ಲಿಯೇ ಹುಟ್ಟುತ್ತದೆ. ಒಟ್ಟು ಕರೆಂಟು ಮಿತಿಯೊಳಗೇ ಇರುವುದರಿಂದ ಫ್ಯೂಸ್ ಮಾತ್ರ ಸುಡುವುದಿಲ್ಲ. ಬ್ಲೇಡು ತಾಗಿ ಗಾಯವಾದ ಎಳೆಗಳು ಶಾಖಕ್ಕೆ ಪೆಡಸಾಗಿ, ಹ್ಯಾಂಡಲ್ ತಿರುಗಿದಂತೆಲ್ಲ ಒಂದೊಂದಾಗಿ ತುಂಡಾಗಿದ್ದವು. ಫೋಟೊ ಕಳುಹಿಸಿದ್ದಕ್ಕೆ ಅಂಗಡಿಯವರು ಕೊಟ್ಟ ಉತ್ತರ, ಎಲ್ಲರಿಗೂ ಹೀಗೆಯೇ ಹಾಕುವುದು, ಎಂದು. ಅದು ನಿಜವೇ ಇರಬಹುದು, ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ವೈರಿಂಗ್ ಕತ್ತರಿಸಿದ್ದರಿಂದ ವಾರಂಟಿಯೂ ಸಿಗಲಿಲ್ಲ.

ಹೆಚ್ಚುವರಿ ದೀಪದ ಕರೆಂಟು ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸಿನ ಮೂಲಕ, ರಿಲೇ ದಾಟಿ ನೇರವಾಗಿ ದೀಪಕ್ಕೆ ಹೋಗಬೇಕು. ಕೀ ಲೈನಿನಿಂದ ರಿಲೇಯನ್ನು ಎಬ್ಬಿಸುವಷ್ಟು ಅಲ್ಪ ಕರೆಂಟು ಮಾತ್ರ ತೆಗೆದುಕೊಳ್ಳಬಹುದು. ಹಣ ಕೊಡುವ ಮೊದಲು ಸೀಟು ತೆಗೆಸಿ ಆ ರಿಲೇಯನ್ನು ಕಣ್ಣಾರೆ ನೋಡಿ, ಫಾಗ್ ಲೈಟ್ ಉರಿಯುತ್ತಿರುವಾಗ ಅದನ್ನು ಕಿತ್ತುಹಾಕಲು ಹೇಳಿ: ಆಗ ಫಾಗ್ ಲೈಟ್ ಆರಬೇಕು, ಬೈಕಿನ ಉಳಿದದ್ದೆಲ್ಲ ಎಂದಿನಂತೆ ನಡೆಯಬೇಕು.