ಬಂಡೆಗುಂಡಿಯ ಬಣ್ಣಗಳಿಗೆ ಪೋಲರೈಸಿಂಗ್ ಫಿಲ್ಟರ್

ಕಡಲಿನ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಿ ಉಳಿದ ನೀರನ್ನು ಚಿತ್ರೀಕರಿಸಲು ಹೊರಟವರಿಗೆಲ್ಲ ಒಂದೇ ತೊಡಕು: ತಳದಲ್ಲಿ ಎಷ್ಟೇ ಬಣ್ಣಗಳಿದ್ದರೂ ಫೋಟೋದಲ್ಲಿ ಮೂಡುವುದು ಆಕಾಶದ ಬಿಳಿ ಹೊಳಪು. ಲೆನ್ಸಿನ ಮುಂದೆ ಕೂರಿಸುವ ಸರ್ಕ್ಯುಲರ್ ಪೋಲರೈಸಿಂಗ್ ಫಿಲ್ಟರನ್ನು ಹಲವು ಇಳಿತಗಳಲ್ಲಿ ಬಳಸಿದ ಮೇಲೆ, ಈ ಕೆಲಸಕ್ಕೆ ಕ್ಯಾಮೆರಾದ ನಂತರ ಕೊಳ್ಳಬೇಕಾದ ಮೊದಲ ವಸ್ತು ಇದೇ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ನೀರಿನ ಮೇಲಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಫಿಲ್ಟರು ಅದನ್ನು ತಡೆದು ತಳದಿಂದ ಬರುವ ಬೆಳಕಿಗೆ ದಾರಿ ಬಿಡುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1815ರಲ್ಲಿ ನಿರೂಪಿಸಿದ ನಿಯಮದಂತೆ, ನೀರಿನ ಮಟ್ಟಿಗೆ ಈ ಪರಿಣಾಮ ಪೂರ್ಣವಾಗುವುದು ಲಂಬರೇಖೆಯಿಂದ ಸುಮಾರು 53 ಡಿಗ್ರಿ ಓರೆಯಲ್ಲಿ. ಆದ್ದರಿಂದ ಗುಂಡಿಯ ಮೇಲೆ ಬಾಗಿ ನೇರವಾಗಿ ಕೆಳಗೆ ನೋಡಿದರೆ ಫಿಲ್ಟರಿನಿಂದ ಪ್ರಯೋಜನವಿಲ್ಲ. ಸ್ವಲ್ಪ ಹಿಂದೆ ಸರಿದು ಕುಳಿತು ನೋಡಬೇಕು.

ಹಾಗೆ ಕುಳಿತು ಫಿಲ್ಟರಿನ ಉಂಗುರವನ್ನು ನಿಧಾನವಾಗಿ ತಿರುಗಿಸಿದಾಗ ಮೊದಲು ಕಾಣಿಸಿದ್ದು ಗುಲಾಬಿ ಬಣ್ಣ. ಬಂಡೆಗೆ ಯಾರೋ ಬಣ್ಣ ಬಳಿದಿದ್ದಾರೆ ಎನ್ನುವಷ್ಟು ತೆಳುವಾಗಿ, ಗಟ್ಟಿಯಾಗಿ ಅಂಟಿದ್ದ ಅದು ಕೊರಲೈನ್ ಪಾಚಿ. ಮೈಯಲ್ಲಿ ಸುಣ್ಣ ತುಂಬಿಕೊಂಡು ಬೆಳೆಯುವ ಕೆಂಪು ಪಾಚಿಗಳ ಜಾತಿ. ಇನ್ನಷ್ಟು ತಿರುಗಿಸಿದಾಗ ಹೊಳಪಿನ ಕೊನೆಯ ಪೊರೆಯೂ ಕಳಚಿ, ಬಿರುಕಿನಲ್ಲಿದ್ದ ಸೀ ಎನಿಮೋನ್ ಎಂಬ ಹೂವಿನಂಥ ಕಡಲಪ್ರಾಣಿ ಪೂರ್ತಿಯಾಗಿ ಕಂಡಿತು: ಹಸಿರು ಎಳೆಗಳು, ಪ್ರತಿ ಎಳೆಯ ತುದಿಯಲ್ಲಿ ನೇರಳೆ ಚುಕ್ಕೆ. ಅದರ ಬುಡದಲ್ಲಿ ಹಳದಿ ಬಸವನಹುಳುವಿನ ಚಿಪ್ಪು ಹೊತ್ತ ಸನ್ಯಾಸಿ ಏಡಿಯೊಂದು ಕಾಲು ಚಾಚಿ, ಮತ್ತೆ ಒಳಗೆಳೆದುಕೊಂಡಿತು. ಅರೆ ನಿಮಿಷದ ಹಿಂದೆ ಅಲ್ಲಿ ಮೋಡವಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ನನ್ನ ಮೆಚ್ಚುಗೆಗೆ ಮುಖ್ಯ ಕಾರಣವೂ ಇಲ್ಲಿದೆ. ಚಿತ್ರ ಸ್ಪಷ್ಟವಾಗಿ ಬರಲೆಂದು ಜೀವಿಗಳನ್ನು ನೀರಿನಿಂದ ಎತ್ತಿ ಬಂಡೆಯ ಮೇಲಿಡುವವರನ್ನು ನೋಡಿದ್ದೇನೆ. ನೀರಿನಾಚೆ ಎನಿಮೋನ್ ಮುದುಡಿ ಲೋಳೆಯ ಮುದ್ದೆಯಾಗುತ್ತದೆ. ಬೆನ್ನ ಮೇಲೆ ಕಿವಿರುಗಳನ್ನು ಗರಿಯಂತೆ ಅರಳಿಸಿಕೊಳ್ಳುವ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಹುಳು ಕುಸಿದು ಆಕಾರವನ್ನೇ ಕಳೆದುಕೊಳ್ಳುತ್ತದೆ. ನೋಡಬೇಕೆಂದಿದ್ದ ಬಣ್ಣವೂ ಉಳಿಯುವುದಿಲ್ಲ, ಜೀವಿಗೂ ಹಿಂಸೆ. ಫಿಲ್ಟರಿದ್ದರೆ ಅವುಗಳನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಕೊರತೆಗಳೂ ಇವೆ. ಒಳಬರುವ ಬೆಳಕು ಒಂದೂವರೆ ಸ್ಟಾಪಿನಷ್ಟು, ಅಂದರೆ ಸುಮಾರು ಮೂರನೇ ಒಂದು ಭಾಗಕ್ಕೆ, ತಗ್ಗುವುದರಿಂದ ಬೆಳಗಿನ ಜಾವದ ಇಳಿತದಲ್ಲಿ ಕೈ ಅಲುಗಿದ ಚಿತ್ರಗಳೇ ಹೆಚ್ಚು ಬಂದವು. ಗಾಳಿಗೆ ನೀರು ಕದಡಿದಾಗ ಪ್ರತಿ ಅಲೆಯ ಓರೆಯೂ ಬೇರೆಯಾಗಿ, ಹೊಳಪು ಚೂರುಚೂರಾಗಿ ಮರಳುತ್ತದೆ. ಕೆಲವು ಕಡಲ ಪಾಚಿಗಳ ಮೇಲೆ ಮಿನುಗುವ ನೀಲಿ, ಉಂಗುರವನ್ನು ಪೂರ್ತಿ ತಿರುಗಿಸಿದಾಗ ಮಂಕಾದದ್ದೂ ಉಂಟು. ಅಂಥ ಕಡೆ ಫಿಲ್ಟರ್ ತೆಗೆದು ಇನ್ನೊಂದು ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು. ಉಂಗುರದ ಸಂದಿಗೆ ಮರಳೂ ಉಪ್ಪೂ ಸೇರಿ ನನ್ನ ಮೊದಲ ಫಿಲ್ಟರ್ ತಿರುಗದೆ ಹೋಯಿತು. ಈಗ ಪ್ರತಿ ಸಲ ಮನೆಗೆ ಬಂದ ಕೂಡಲೇ ಅದನ್ನು ಸಿಹಿನೀರಿನಲ್ಲಿ ಆಡಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿಡುತ್ತೇನೆ.